ಕಿವಿ ಕೇಳದ ಮಗನ ಕಣ್ಣಿನ ನೆನಪು: ಎಷ್ಟು ನಿಜ, ಎಷ್ಟು ಕತೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರದ ಹಳ್ಳಿ. ನಾಲ್ಕು ಎಕರೆ ಕಾಫಿ, ಮಧ್ಯೆ ಮೆಣಸು. ಮಗನಿಗೆ ಈಗ 8 ವರ್ಷ. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಎರಡೂವರೆ ವರ್ಷಕ್ಕೆ ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ 95 ಡೆಸಿಬಲ್‌ಗಿಂತ ಜಾಸ್ತಿ ನಷ್ಟ ಅಂದರು. ಎರಡಕ್ಕೂ ಮೆಷಿನ್ ಹಾಕಿಸಿದ್ದೇವೆ. ‘ಅಮ್ಮ’, ‘ಬಾ’, ‘ಬೇಡ’ ಹೀಗೆ ಇಪ್ಪತ್ತು ಮಾತು ಬರುತ್ತದೆ. ಹೋದ ವರ್ಷದಿಂದ ವಾರಕ್ಕೆರಡು ದಿನ ಶಾಲೆಗೆ ಬರುವ ಟೀಚರ್ ಸನ್ನೆ ಭಾಷೆ ಕಲಿಸುತ್ತಿದ್ದಾರೆ. ಇನ್ನೂರರಷ್ಟು ಸನ್ನೆ ಕಲಿತಿದ್ದಾನೆ. ಅವನ ನೆನಪು ನೋಡಿದರೆ ಆಶ್ಚರ್ಯ ಆಗುತ್ತದೆ. ಜೋಡಿ ಕಾರ್ಡ್ ಹುಡುಕುವ ಆಟದಲ್ಲಿ ಎಲ್ಲರನ್ನೂ ಸೋಲಿಸುತ್ತಾನೆ. ಸುಗ್ಗಿ ಹಬ್ಬಕ್ಕೆ ಬಂದ ನೆಂಟರ ಮುಖ ವರ್ಷ ಕಳೆದರೂ ಮರೆಯುವುದಿಲ್ಲ. ಜೀಪಿನ ಬಾಗಿಲಿನ ನೆಗ್ಗು ನೋಡಿ ಅದು ಯಾರದು ಅಂತ ಹೇಳುತ್ತಾನೆ. ಆದರೆ ಅಂಗಡಿಯಿಂದ ನಾಲ್ಕು ಸಾಮಾನು ತಾ ಅಂದರೆ ಎರಡು ಮರೆಯುತ್ತಾನೆ. ಮಗ್ಗಿ ನಿಲ್ಲುವುದಿಲ್ಲ. ಅಕ್ಷರ ಚೆಂದ ಬರೆದು ಪದವನ್ನು ಹಿಂದೆಮುಂದೆ ಮಾಡುತ್ತಾನೆ. ‘ದೇವರು ಕಿವಿ ಕಿತ್ಕೊಂಡು ಕಣ್ಣು ಡಬಲ್ ಕೊಟ್ಟಿದ್ದಾನೆ’ ಅಂತ ನಮ್ಮ ಅತ್ತೆ. ‘ಸನ್ನೆ ನಿಲ್ಸಿ, ಕಿವಿಗೆ ಮೀಸಲಾದ ಮೆದುಳನ್ನ ಕಣ್ಣು ನುಂಗಿಬಿಡುತ್ತೆ, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸೋ ಯಂತ್ರ, ಇಂಪ್ಲಾಂಟ್ ಮಾಡ್ಸಿ’ ಅಂತ ಬೆಂಗಳೂರಿನ ಭಾವ. ಈ ನೆನಪು ಕಿವುಡುತನದಿಂದ ಬಂದದ್ದಾ, ಸನ್ನೆಯಿಂದಲಾ? ಹಾಗಿದ್ದರೆ ಸಾಮಾನು ಯಾಕೆ ಮರೆಯುತ್ತಾನೆ? ಸನ್ನೆ ಜಾಸ್ತಿ ಮಾಡಿದರೆ ಬರುವ ಮಾತೂ ಹೋಗುತ್ತದಾ? ಇಂಪ್ಲಾಂಟ್‌ಗೆ ತಡವಾಯಿತಾ? ಇಲ್ಲೊಬ್ಬರು ‘ಫೋಟೊ ಮೆಮೊರಿ’ ತರಗತಿಗೆ ಸೇರಿಸಿ ಅಂತಲೂ ಹೇಳುತ್ತಿದ್ದಾರೆ.

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ಆಡಿಯಾಲಜಿಸ್ಟ್ ಆಗಿ ಕೆಲಸಕ್ಕೆ ಸೇರಿದ ಮೊದಲ ವಾರದಿಂದ ಈ ಮಾತು ಕೇಳುತ್ತಿದ್ದೇನೆ. ಮಡಿಕೇರಿ, ವಿರಾಜಪೇಟೆ ಕಡೆ ಕ್ಯಾಂಪಿಗೆ ಹೋದಾಗ ಯಾರಾದರೊಬ್ಬ ಅಜ್ಜಿ ಹೇಳಿಯೇ ಹೇಳುತ್ತಾರೆ. ಪ್ರೀತಿಯ ಮಾತು ಅದು. ಅದರಲ್ಲಿ ಕಾಲು ಭಾಗ ನಿಜ ಇದೆ. ಯಾವ ಕಾಲು ಅಂತ ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳು ಅರ್ಧ ಸಡಿಲವಾಗುತ್ತವೆ.

ಕಿವಿ ಕೇಳದವರ ಕಣ್ಣು ನಮ್ಮದಕ್ಕಿಂತ ಚುರುಕಾಗಿರುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಅಕ್ಷರದ ಪಟ್ಟಿ ಓದಿಸಿದರೆ ಅವರು ಓದುವುದೂ ನಮ್ಮಷ್ಟೇ ಸಾಲು. ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಆದದ್ದನ್ನು ಗುರುತಿಸುವುದರಲ್ಲೂ ಹಾಗೆಯೇ. ವ್ಯತ್ಯಾಸ ಕಾಣುವುದು ಗಮನದಲ್ಲಿ. ಎದುರಿನ ವಸ್ತುವನ್ನು ನೋಡುತ್ತಿರುವಾಗಲೇ ಕಣ್ಣಂಚಿನಲ್ಲಿ ಏನಾದರೂ ಅಲುಗಾಡಿದರೆ ಅವರಿಗೆ ಬೇಗ ಗೊತ್ತಾಗುತ್ತದೆ. ಅಮೆರಿಕದ ಹೆಲೆನ್ ನೆವಿಲ್ 1980ರ ದಶಕದಲ್ಲೇ ಇದನ್ನು ತೋರಿಸಿದರು. ಆಮೇಲೆ ಬೇರೆಯವರೂ ಮತ್ತೆ ಮತ್ತೆ ನೋಡಿದರು. ಯೋಚಿಸಿದರೆ ಸಹಜವೇ ಅಲ್ವಾ? ಅಡುಗೆಮನೆಯಲ್ಲಿ ನಿಂತ ನಿಮಗೆ ಅಂಗಳದಲ್ಲಿ ಯಾರು ಬಂದರು ಅಂತ ಕಿವಿ ಹೇಳುತ್ತದೆ. ಆ ಕಾವಲು ಕೆಲಸ ನಿಮ್ಮ ಮಗನ ಕಣ್ಣಿನ ಮೇಲೆ ಬಿದ್ದಿದೆ.

ಮೆದುಳಿನ ಒಳಗೂ ಇದೇ ಹಂಚಿಕೆ. ಕೆನಡಾದ ಸ್ಟೀಫನ್ ಲೋಂಬರ್ ಅವರ ತಂಡ 2010ರಲ್ಲಿ ಹುಟ್ಟು ಕಿವುಡ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿತು. ಆ ಬೆಕ್ಕುಗಳು ಕಣ್ಣಂಚಿನ ವಸ್ತುವನ್ನು ಮಾಮೂಲಿ ಬೆಕ್ಕಿಗಿಂತ ಚೆನ್ನಾಗಿ ಹಿಡಿಯುತ್ತಿದ್ದವು. ಮೆದುಳಿನಲ್ಲಿ ಶಬ್ದ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಬೇಕಿದ್ದ ಭಾಗವನ್ನು ತಣ್ಣಗೆ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿದರು. ಆ ಚುರುಕು ಹೋಯಿತು. ಮಿಕ್ಕ ನೋಟ ಹಾಗೇ ಉಳಿಯಿತು. ಅಂದರೆ ಖಾಲಿ ಬಿದ್ದ ಜಾಗ ಸುಮ್ನೆ ಕೂರಲಿಲ್ಲ, ಕಣ್ಣಿನ ಕೆಲಸ ಹಿಡಿಯಿತು. ಹಿಡಿದದ್ದೂ ತನಗೆ ಗೊತ್ತಿದ್ದ ಕೆಲಸವನ್ನೇ, ‘ಎಲ್ಲಿ’ ಅನ್ನುವುದನ್ನು.

ಆ ಕಾಲು ಭಾಗ ಇದೇ. ಆದರೆ ಇದರಲ್ಲೂ ಎರಡು ಮಾತು ಸೇರಿಸಬೇಕು. ಒಂದು, ಈ ಶಕ್ತಿ ನಿಧಾನವಾಗಿ ಬೆಳೆಯುತ್ತದೆ. 7ರಿಂದ 10 ವರ್ಷದ ಮಕ್ಕಳಲ್ಲಿ ನೋಡಿದಾಗ ಕಿವಿ ಕೇಳುವವರಿಗೂ ಕೇಳದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. 11 ದಾಟಿದ ಮೇಲೆ ಕಂಡಿತು. ಹಾಗಾಗಿ ನಿಮ್ಮ 8 ವರ್ಷದವನ ಸಾಮರ್ಥ್ಯಕ್ಕೆ ಇದು ಕಾರಣ ಅಂತ ನಾನು ಒಪ್ಪುವುದಿಲ್ಲ. ಎರಡು, ಕಣ್ಣಂಚು ಅಂದರೆ ಕಣ್ಣಂಚು ಮಾತ್ರ. ಬೆನ್ನ ಹಿಂದೆ ಯಾರಿಗೂ ಕಾಣುವುದಿಲ್ಲ. ‘ಅವನಿಗೆ ಎಲ್ಲಾ ಗೊತ್ತಾಗುತ್ತೆ ಬಿಡಿ’ ಅಂತ ಮುಸ್ಸಂಜೆ ಹೊತ್ತು ತೋಟದ ದಾರಿಯಲ್ಲಿ ಒಬ್ಬನನ್ನೇ ಕಳಿಸಬೇಡಿ. ಆನೆ ಬಂದಾಗ ಕೆಲಸದವರು ಕೂಗುವುದು, ಪಟಾಕಿ ಹೊಡೆಯುವುದು ಅವನ ಪಾಲಿಗೆ ಇಲ್ಲ.

ಇನ್ನು ನೆನಪಿಗೆ ಬರೋಣ. ಕಣ್ಣಂಚಿನ ಗಮನ ಕಿವುಡುತನದ್ದು, ಸರಿ. ಆದರೆ ಮುಖಗಳ ಸಣ್ಣ ವ್ಯತ್ಯಾಸ ಹಿಡಿಯುವುದು, ಯಾವ ಚೌಕ ಯಾವ ಕ್ರಮದಲ್ಲಿ ಮುಟ್ಟಿದರು ಅಂತ ನೆನಪಿಡುವುದು, ಒಂದು ಆಕಾರವನ್ನು ತಲೆಯೊಳಗೇ ತಿರುಗಿಸಿ ನೋಡುವುದು, ಇವುಗಳ ಕತೆ ಬೇರೆ. ಇವುಗಳಲ್ಲಿ ಚೆನ್ನಾಗಿ ಮಾಡಿದ್ದು ಸನ್ನೆ ಭಾಷೆ ಚೆನ್ನಾಗಿ ಬಲ್ಲ ಕಿವುಡರು. ಇದರ ಕಾರಣ ಕಿವಿಯೋ ಕೈಯೋ ಅಂತ ತಿಳಿಯಲು ಸಂಶೋಧಕರು ಮೂರನೆಯ ಗುಂಪೊಂದನ್ನು ಹುಡುಕಿದರು: ಕಿವಿ ಚೆನ್ನಾಗಿ ಕೇಳುತ್ತದೆ, ಆದರೆ ಅಪ್ಪ ಅಮ್ಮ ಕಿವುಡರಾದ್ದರಿಂದ ಹುಟ್ಟಿನಿಂದ ಸನ್ನೆಯಲ್ಲೇ ಬೆಳೆದವರು. ಕ್ಯಾರನ್ ಎಮೊರಿ, ಸ್ಟೀಫನ್ ಕಾಸ್ಲಿನ್, ಉರ್ಸುಲಾ ಬೆಲುಗಿ ಸೇರಿ 1993ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುವ ಪರೀಕ್ಷೆಯಲ್ಲಿ ಇವರೂ ಕಿವುಡರಷ್ಟೇ ಬೇಗ ಇದ್ದರು. ಕಿವಿ ಕೇಳುತ್ತಿದ್ದರೂ! ಹಾಗಾದರೆ ಇದು ಸನ್ನೆಯ ಸಂಪಾದನೆ.

ಯಾಕೆ ಹೀಗೆ ಅಂತ ಸನ್ನೆ ಮಾಡುವವರನ್ನು ಎರಡು ನಿಮಿಷ ನೋಡಿದರೆ ತಿಳಿಯುತ್ತದೆ. ನಿಮ್ಮೆದುರು ಕೂತವರು ತಮ್ಮ ಮನೆಯ ನಕ್ಷೆಯನ್ನು ಗಾಳಿಯಲ್ಲಿ ಕೈಯಿಂದ ಇಡುತ್ತಾರೆ: ಇಲ್ಲಿ ಕಣ, ಇಲ್ಲಿ ಗೋದಾಮು, ಇಲ್ಲಿ ಬಾವಿ. ಅವರ ಬಲ ನಿಮಗೆ ಎಡ. ಹಾಗಾಗಿ ನೀವು ಇಡೀ ನಕ್ಷೆಯನ್ನು ತಲೆಯೊಳಗೆ ತಿರುಗಿಸಿಕೊಳ್ಳಬೇಕು. ಬಾವಿಯ ವಿಷಯ ಮತ್ತೆ ಬಂದಾಗ ಅವರು ಬಾವಿ ಇಟ್ಟ ಜಾಗಕ್ಕೆ ಬೆರಳು ತೋರಿಸುತ್ತಾರೆ ಅಷ್ಟೆ. ಆ ಜಾಗ ನಿಮಗೆ ನೆನಪಿರಬೇಕು. ಹುಬ್ಬು ಏರಿದರೆ ಪ್ರಶ್ನೆ, ತಲೆ ಅಲ್ಲಾಡಿದರೆ ಇಲ್ಲ. ಮುಖ ಅನ್ನುವುದು ಅಲ್ಲಿ ವ್ಯಾಕರಣ. ಇಡೀ ದಿನ ಹೀಗೆ ಮಾತಾಡುವವರಿಗೆ ಮುಖ ಮತ್ತು ಜಾಗ ನೆನಪಿಡುವುದು ದಿನಗೂಲಿಯ ಕೆಲಸ. ಆಳುಗಳು ತಂದ ಹಣ್ಣಿನ ಚೀಲ ನೋಡಿಯೇ ತೂಕ ಹೇಳುವ, ಲೆಕ್ಕ ಬರೆಯುವ ರೈಟರ್ ನಿಮ್ಮ ತೋಟದ ಕಡೆ ಇರುತ್ತಾರಲ್ಲ, ಹಾಗೆ.

ಈಗ ನಿಮ್ಮ ಮಗನ ವಿಷಯ. ಬ್ರಿಟನ್ನಿನಲ್ಲಿ ನೀವು ಹೇಳಿದ ಜೋಡಿ ಕಾರ್ಡಿನ ಆಟವನ್ನೇ ಪ್ರಯೋಗ ಮಾಡಿದ್ದಾರೆ. ಮುಖದ ಚಿತ್ರಗಳಿದ್ದಾಗ ಸನ್ನೆ ಬಲ್ಲ ಕಿವುಡರು ಮುಂದಿದ್ದರು. ವಸ್ತುಗಳ ಚಿತ್ರಗಳಿದ್ದಾಗ ಎಲ್ಲರೂ ಒಂದೇ. ಹಾಗಾಗಿ ನೆಂಟರ ಮುಖದ ನೆನಪಿಗೆ, ಮಾತು ಕೇಳದೆ ದಿನವೆಲ್ಲ ಮುಖ ಓದುವ ಅಭ್ಯಾಸದ ಪಾಲು ಇರಬಹುದು. ಜೀಪಿನ ನೆಗ್ಗು? ಅದು ಅವನ ಸ್ವಂತ ಆಸಕ್ತಿ. ನಮ್ಮ ಅಣ್ಣನ ಮಗ ಕಿವಿ ಚೆನ್ನಾಗಿ ಕೇಳುವವನು, ಕೆಎಸ್‌ಆರ್‌ಟಿಸಿ ಬಸ್ಸುಗಳ ನಂಬರು ಪ್ಲೇಟು ಬಾಯಿಪಾಠ ಹೇಳುತ್ತಿದ್ದ. ಮಗ್ಗಿ ಅವನಿಗೂ ಬರುತ್ತಿರಲಿಲ್ಲ. ಕಿವಿ ಕೇಳದ ಮಗು ಏನು ಮಾಡಿದರೂ ಅದಕ್ಕೆ ಕಿವಿಯೇ ಕಾರಣ ಅಂದುಬಿಡುವ ಅಭ್ಯಾಸ ನಮಗಿದೆ. ಎಲ್ಲ ಕಿವುಡ ಮಕ್ಕಳೂ ‘ಕಣ್ಣಿನಿಂದ ಕಲಿಯುವವರು’ ಅನ್ನುವುದೂ ಇಂಥದ್ದೇ. ಒಟ್ಟಾರೆ ಅಳೆದಾಗ ಅವರ ಕಣ್ಣಿನ ನೆನಪು ಉಳಿದ ಮಕ್ಕಳಷ್ಟೇ ಹೆಚ್ಚು ಕಡಿಮೆ. ‘ಫೋಟೊ ಮೆಮೊರಿ’ ತರಗತಿಗೆ ದುಡ್ಡು ಹಾಕಬೇಡಿ. ಬೆಳೆಸಬೇಕಾದದ್ದು ಅಲ್ಲಿ ಸಿಗುವುದಿಲ್ಲ.

ಸಾಮಾನಿನ ಪಟ್ಟಿ ಯಾಕೆ ಮರೆಯುತ್ತಾನೆ ಅನ್ನುವುದು ನನಗೆ ಇಷ್ಟದ ಪ್ರಶ್ನೆ. ಯಾಕೆಂದರೆ ಇದೇ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೇನೆ.

ಅಂಗಡಿಗೆ ಹೋಗುವಾಗ ನೀವು ‘ಉಪ್ಪು, ಸೋಪು, ಬೆಂಕಿಪೊಟ್ಟಣ, ಬೇಳೆ’ ಅಂತ ಒಳಗೊಳಗೇ ಹೇಳಿಕೊಳ್ಳುತ್ತೀರಿ. ತಲೆಯೊಳಗೆ ಒಂದು ಸಣ್ಣ ಟೇಪು ಸುತ್ತುತ್ತಿರುತ್ತದೆ. ಅದರಲ್ಲಿ ಹಿಡಿಸುವುದು ಎರಡು ಸೆಕೆಂಡಿನ ಮಾತು, ಅಷ್ಟೆ. ಆದರೂ ಕ್ರಮವಾಗಿ ಏಳರ ಆಸುಪಾಸು ಅಂಕಿ ಹಿಡಿಯಬಹುದು. ಒಂದರ ಹಿಂದೆ ಒಂದು ಬರುವುದನ್ನು ಆ ಸಾಲಿನಲ್ಲೇ ಇಟ್ಟುಕೊಳ್ಳುವುದು ಕಿವಿಯ ದಾರಿಗೆ ಚೆನ್ನಾಗಿ ಒಗ್ಗಿದ ಕೆಲಸ. ಸನ್ನೆಯಲ್ಲೂ ಹೀಗೆ ಒಳಗೊಳಗೆ ಹೇಳಿಕೊಳ್ಳುತ್ತಾರೆ, ಕೈಯ ರೂಪದಲ್ಲಿ. ಆದರೆ ಕ್ರಮವಾಗಿ ಹೇಳು ಅಂದಾಗ ಹಿಡಿಯುವುದು ಐದರ ಆಸುಪಾಸು. 2004ರಲ್ಲಿ ಡಾಫ್ನೆ ಬಾವೆಲಿಯೆ ಅವರ ತಂಡ ಇದನ್ನು ಅಳೆಯಿತು. ಸ್ವಾರಸ್ಯ ಏನೆಂದರೆ ಮಾತೂ ಸನ್ನೆಯೂ ಎರಡೂ ಬಲ್ಲ, ಕಿವಿ ಕೇಳುವವರಿಗೂ ಹಾಗೇ ಆಯಿತು. ಮಾತಿನಲ್ಲಿ ಏಳು, ಸನ್ನೆಯಲ್ಲಿ ಐದು. ಅದೇ ತಲೆ, ದಾರಿ ಬೇರೆ. ಕ್ರಮ ಬೇಡ, ನೆನಪಿದ್ದಷ್ಟು ಹೇಳು ಅಂದಾಗ ಕಿವುಡರು ಹಿಂದೆ ಬೀಳಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂಬತ್ತು ವರ್ಷದ ಕಿವುಡ ಹುಡುಗಿಗೆ ಅಂಕಿ ಸಾಲು ನೆನಪಿಡುವ ಪರೀಕ್ಷೆ ಮಾಡಿದೆ. ಅಂಕಿಗಳನ್ನು ಬೆರಳಲ್ಲಿ ತೋರಿಸಿ, ಅದೇ ಕ್ರಮದಲ್ಲಿ ತಿರುಗಿ ತೋರಿಸು ಅಂದೆ. ನಾಲ್ಕಕ್ಕೆ ನಿಂತಳು. ‘ನೆನಪಿನ ಶಕ್ತಿ ಕಡಿಮೆ’ ಅಂತ ವರದಿಯಲ್ಲಿ ಬರೆದೆ. ಮಧ್ಯಾಹ್ನ ಹಿರಿಯ ಸಹೋದ್ಯೋಗಿಯೊಬ್ಬರು ಒಂಬತ್ತು ಮರದ ತುಂಡುಗಳನ್ನು ಹಲಗೆ ಮೇಲೆ ಚೆಲ್ಲಾಪಿಲ್ಲಿ ಇಟ್ಟು, ಕೆಲವನ್ನು ಒಂದರ ಹಿಂದೊಂದು ಮುಟ್ಟಿ, ‘ಹೀಗೇ ಮುಟ್ಟು’ ಅಂದರು. ಅವಳು ಮುಟ್ಟುತ್ತಾ ಹೋದಳು. ನಾನೂ ಪ್ರಯತ್ನಿಸಿದೆ, ಅವಳಿಗಿಂತ ಮೊದಲು ತಪ್ಪಿದೆ. ಅವಳು ನಕ್ಕಳು. ವರದಿಯನ್ನು ಹೊಸದಾಗಿ ಬರೆದೆ. ಇಷ್ಟು ಯಾಕೆ ಹೇಳಿದೆ ಅಂದರೆ, ನಿಮ್ಮ ಮಗನಿಗೂ ಯಾರಾದರೂ ಬುದ್ಧಿಮತ್ತೆ ಪರೀಕ್ಷೆ ಮಾಡುತ್ತಾರೆ. ಮಾತಿನ ಭಾಗ ಬಿಟ್ಟು, ಚಿತ್ರ ಮತ್ತು ತುಂಡುಗಳ ಪರೀಕ್ಷೆ ಮಾಡಿ ಅಂತ ಕೇಳಿ. ಅಂಕಿ ಸಾಲಿನ ಅಂಕ ನೋಡಿ ‘ಮಂದ’ ಅಂತ ಬರೆದರೆ ಒಪ್ಪಬೇಡಿ.

ಅವನ ತಪ್ಪುಗಳನ್ನೂ ಸ್ವಲ್ಪ ಗಮನಿಸಿ. ಕಿವಿ ಕೇಳುವವರು ‘ಬೇಳೆ’ ತರಲು ಹೋಗಿ ‘ಬಾಳೆ’ ತರುತ್ತಾರೆ, ಶಬ್ದ ಒಂದೇ ಥರ ಇರುವುದರಿಂದ. ಸನ್ನೆಯಲ್ಲಿ ಯೋಚಿಸುವವರು ಕೈಯ ಆಕಾರ ಒಂದೇ ಥರ ಇರುವ ಎರಡು ವಸ್ತುಗಳನ್ನು ಅದಲುಬದಲು ಮಾಡುತ್ತಾರೆ. 1975ರಲ್ಲಿ ಬೆಲುಗಿ ಮತ್ತು ಸಂಗಡಿಗರು ಅಮೆರಿಕದ ಸನ್ನೆ ಭಾಷೆಯಲ್ಲಿ ಇದನ್ನು ಕಂಡರು. ‘ಮತ ಹಾಕು’ ಅನ್ನುವ ಸನ್ನೆಯ ಜಾಗಕ್ಕೆ ‘ಟೀ’ ನೆನಪಾಗುತ್ತಿತ್ತು. ಅರ್ಥದಲ್ಲಿ ಎಲ್ಲಿಂದೆಲ್ಲಿಗೂ ಸಂಬಂಧ ಇಲ್ಲ, ಆದರೆ ಎರಡು ಸನ್ನೆಗಳೂ ನೋಡಲು ಹತ್ತಿರ. ನಿಮ್ಮ ಮಗ ಇಂಥ ತಪ್ಪು ಮಾಡಲು ಶುರು ಮಾಡಿದರೆ ಖುಷಿಪಡಿ. ಅವನ ತಲೆಯೊಳಗೆ ಸನ್ನೆ ಭಾಷೆಯಾಗಿ ಕೂತಿದೆ ಅಂತ ಅರ್ಥ.

ಸದ್ಯಕ್ಕೆ ಒಂದು ಉಪಾಯ. ಸನ್ನೆ ಮಾಡುವವರು ಪಟ್ಟಿ ಹೇಳುವಾಗ ಎಡಗೈ ಬೆರಳುಗಳನ್ನು ಗೂಟಗಳ ಥರ ಬಳಸುತ್ತಾರೆ. ಹೆಬ್ಬೆರಳು ಮುಟ್ಟಿ ಉಪ್ಪು, ತೋರುಬೆರಳು ಮುಟ್ಟಿ ಸೋಪು, ಮುಂದಿನದು ಬೇಳೆ. ಸಾಲಿನಲ್ಲಿ ಬಂದದ್ದಕ್ಕೆ ಹೀಗೆ ಜಾಗ ಸಿಗುತ್ತದೆ. ಜಾಗ ನೆನಪಿಡುವುದು ಅವನಿಗೆ ಸುಲಭ. ಪದಗಳಿಗೂ ಹೀಗೆಯೇ. ‘ಕಾಗದ’ ಅಂತ ಹತ್ತು ಸಲ ಬರೆಸುವುದಕ್ಕಿಂತ, ವಸ್ತು ತೋರಿಸಿ, ಸನ್ನೆ ಮಾಡಿ, ಮೂರು ಅಕ್ಷರದ ಚೀಟಿಗಳನ್ನು ಮೂರು ಬೆರಳಿಗೆ ಹೊಂದಿಸಿ, ಮತ್ತೆ ಸನ್ನೆ ಮಾಡಿ. ಮಗ್ಗಿಯನ್ನು ರಾಗದಲ್ಲಿ ಹೇಳಿಸುವುದು ಅವನಿಗೆ ದಕ್ಕುವುದಿಲ್ಲ. ಚೌಕಗಳಲ್ಲಿ ಮಗ್ಗಿ ಬರೆದ ಕೋಷ್ಟಕ ಗೋಡೆಗೆ ಅಂಟಿಸಿ. ಒಂದು ಎಚ್ಚರಿಕೆ: ಅವನು ಬರೆಯುತ್ತಿರುವಾಗ ಸನ್ನೆ ಮಾಡಬೇಡಿ. ಕಣ್ಣು ಒಂದೇ ಕಡೆ ಇರಲು ಸಾಧ್ಯ. ಅವನು ತಲೆ ಎತ್ತುವವರೆಗೆ ಕಾಯಿರಿ. ಟೀಚರಿಗೂ ಹೇಳಿ. ಅವನನ್ನು ಮುಂದಿನ ಸಾಲಿನಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂರಿಸಲಿ. ಹೊರಗಿನ ಅಲುಗಾಟ ಗಮನ ಎಳೆಯುವುದಿಲ್ಲ, ಟೀಚರ ಮುಖದ ಮೇಲೆ ಬೆಳಕೂ ಬೀಳುತ್ತದೆ.

ಇನ್ನು ನೀವು ಕೇಳದೇ ಇರುವ ವಿಷಯ. ನಿಮ್ಮ ಕಾಗದದಲ್ಲಿ ನನಗೆ ಚಿಂತೆ ತಂದದ್ದು ಅವನು ಮರೆತ ಸೋಪಲ್ಲ. 8 ವರ್ಷಕ್ಕೆ ಇಪ್ಪತ್ತು ಮಾತು, ಇನ್ನೂರು ಸನ್ನೆ ಅನ್ನುವ ಲೆಕ್ಕ. ಕಿವಿ ಕೇಳುವ ಮಗು ಎರಡು ವರ್ಷದ ಆಸುಪಾಸಿನಲ್ಲಿ ಅಷ್ಟು ಪದ ದಾಟುತ್ತದೆ. ನಿಮ್ಮ ಮಗನಿಗೆ ಇನ್ನೂ ಒಂದೂ ಪೂರ್ತಿ ಭಾಷೆ ಸಿಕ್ಕಿಲ್ಲ. ಭಾಷೆ ಇಲ್ಲದಿದ್ದರೆ, ನೀವು ಮೆಚ್ಚುವ ಆ ಕಣ್ಣಿನ ನೆನಪೂ ಒಂದು ಹಂತಕ್ಕೆ ನಿಂತುಬಿಡುತ್ತದೆ.

ಇದಕ್ಕೆ ಗಟ್ಟಿ ಉದಾಹರಣೆ ಮಧ್ಯ ಅಮೆರಿಕದ ನಿಕರಾಗುವ ದೇಶದ್ದು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಮನಾಗುವಾ ನಗರದಲ್ಲಿ ಕಿವುಡ ಮಕ್ಕಳು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಒಂದು ಕಡೆ ಸೇರಿದರು. ಅವರಿಗೆ ಯಾರೂ ಸನ್ನೆ ಭಾಷೆ ಕಲಿಸಲಿಲ್ಲ, ತಾವೇ ಕಟ್ಟಿಕೊಂಡರು. ಮೊದಲು ಬಂದವರ ಭಾಷೆ ಹರಕುಮುರುಕು. ಎಡ ಬಲ ಹೇಳುವ ಒಂದೇ ರೀತಿ ಅವರಲ್ಲಿ ಇರಲಿಲ್ಲ. ಆಮೇಲೆ ಬಂದ ಮಕ್ಕಳು ಅದನ್ನೇ ಕಲಿತು ಗಟ್ಟಿ ಮಾಡಿದರು. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಗುಂಪಿನವರನ್ನು, ಆಗ ಎಲ್ಲರೂ ದೊಡ್ಡವರು, ಒಂದು ಗೋಡೆ ಮಾತ್ರ ಕೆಂಪಾಗಿದ್ದ ಸಣ್ಣ ಕೋಣೆಗೆ ಕರೆತಂದರು. ಮೂಲೆಯಲ್ಲಿ ವಸ್ತು ಬಚ್ಚಿಟ್ಟು, ಕಣ್ಣು ಕಟ್ಟಿ, ಗರಗರ ತಿರುಗಿಸಿ, ಹುಡುಕಿ ಅಂದರು. ಹಿರಿಯ ಗುಂಪು ಹೆಚ್ಚು ತಪ್ಪಿತು. ಕಿರಿಯ ಗುಂಪು ಚೆನ್ನಾಗಿ ಹುಡುಕಿತು. ಎರಡೂ ಗುಂಪು ಕಿವುಡರೇ, ಎಲ್ಲರಿಗೂ ಕಣ್ಣು ಸರಿಯಿತ್ತು. ‘ಕೆಂಪು ಗೋಡೆಯ ಎಡಕ್ಕೆ’ ಅಂತ ಹೇಳಿಕೊಳ್ಳಲು ಒಂದು ಗುಂಪಿಗೆ ಭಾಷೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಅತ್ತೆಯವರಿಗೆ ಇದೊಂದನ್ನು ಹೇಳಿ.

ಭಾವನವರ ಮಾತಿಗೆ ಬರೋಣ. ‘ಸನ್ನೆ ಮಾಡಿದರೆ ಮಾತು ಬರಲ್ಲ’ ಅನ್ನುವುದು ಹಳೇ ನಂಬಿಕೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೊಂದು ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಅಂತ ನಿರ್ಣಯ ಮಾಡಿತು. ಅದರ ನೆರಳು ನೂರು ವರ್ಷ ದಾಟಿ ನಮ್ಮ ಊರುಗಳಿಗೂ ಬಂತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಅದೇ ಪರಂಪರೆಯ ಸಮ್ಮೇಳನ ಆ ನಿರ್ಣಯವನ್ನು ತಿರಸ್ಕರಿಸಿತು. ಆದರೂ ಮಾತು ನಿಂತಿಲ್ಲ.

‘ಮೆದುಳನ್ನು ಕಣ್ಣು ನುಂಗುತ್ತದೆ’ ಅನ್ನುವುದರಲ್ಲಿ ಅರ್ಧ ಸತ್ಯ ಇದೆ, ಬೆಕ್ಕಿನ ಕತೆ ಹೇಳಿದೆನಲ್ಲ. ಆದರೆ ಆ ಜಾಗ ಬೇರೆ ಕೆಲಸ ಹಿಡಿಯುವುದು ಶಬ್ದ ಬಾರದೆ ಹೋದದ್ದಕ್ಕೆ. ಆ ಬೆಕ್ಕುಗಳಿಗೆ ಯಾರೂ ಸನ್ನೆ ಕಲಿಸಿರಲಿಲ್ಲ. ಇನ್ನೊಂದು ವಿಷಯ. ಸನ್ನೆ ಭಾಷೆಯನ್ನು ಮೆದುಳು ಚಿತ್ರದ ಥರ ನೋಡುವುದಿಲ್ಲ, ಭಾಷೆಯಾಗಿಯೇ ನೋಡುತ್ತದೆ. ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಆದ ಕಿವುಡರಿಗೆ ಕೈ ಆಡುತ್ತಿದ್ದರೂ ಸನ್ನೆ ಮುರಿಯುತ್ತದೆ, ನಮಗೆ ಮಾತು ಮುರಿಯುವ ಹಾಗೆ. ಬಲಭಾಗಕ್ಕೆ ಆದವರು ಮನೆಯ ಚಿತ್ರ ನೆಟ್ಟಗೆ ಬರೆಯಲಾರರು, ಆದರೆ ಅವರ ಸನ್ನೆಯ ವಾಕ್ಯ ಸರಿಯಾಗಿರುತ್ತದೆ.

ಒಂದು ಕಡೆ ಮಾತ್ರ ನಾನು ನೇರವಾಗಿ ಹೇಳಬೇಕು. ಎಳೆಯದರಲ್ಲೇ ಇಂಪ್ಲಾಂಟ್ ಆದ ಮಕ್ಕಳಿಗೆ ಜೊತೆಗೆ ಸನ್ನೆ ಬೇಕೇ ಅನ್ನುವುದರಲ್ಲಿ ನಮ್ಮವರಲ್ಲೇ ಒಮ್ಮತ ಇಲ್ಲ. ಸನ್ನೆ ಬಳಸದ ಮನೆಯ ಮಕ್ಕಳ ಮಾತು ಮುಂದಿತ್ತು ಅಂತ 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತು. ಆ ಮನೆಗಳಲ್ಲಿ ಸನ್ನೆ ಎಷ್ಟು ಚೆನ್ನಾಗಿ ಬರುತ್ತಿತ್ತು ಅಂತ ಅಳೆದಿಲ್ಲವಲ್ಲ ಅಂತ ಬೇರೆಯವರು ಕೇಳಿದರು. ಇನ್ನೊಂದು ಸಣ್ಣ ಅಧ್ಯಯನದಲ್ಲಿ, ಕಿವುಡ ಅಪ್ಪ ಅಮ್ಮನಿಂದ ಹುಟ್ಟಿನಿಂದಲೇ ಸನ್ನೆ ಕಲಿತು, ಆಮೇಲೆ ಇಂಪ್ಲಾಂಟ್ ಆದ ಮಕ್ಕಳ ಮಾತು ಕಿವಿ ಕೇಳುವವರ ಹತ್ತಿರ ಇತ್ತು. ಆದರೆ ಈ ಜಗಳ ಎರಡು ವರ್ಷದ ಮಗುವಿನ ಬಗ್ಗೆ. ನಿಮ್ಮ ಮಗನಿಗೆ ಐದಾರು ವರ್ಷ ಮೆಷಿನ್ ಹಾಕಿ ಬಂದದ್ದು ಇಪ್ಪತ್ತು ಮಾತು. ಒಂದು ವರ್ಷದ ಅರೆಕಾಲಿಕ ಸನ್ನೆಯಲ್ಲಿ ಬಂದದ್ದು ಇನ್ನೂರು. ಸನ್ನೆ ನಿಲ್ಲಿಸಿದರೆ ಅವನ ಬಳಿ ಉಳಿಯುವುದೇನು?

ಇಂಪ್ಲಾಂಟ್‌ಗೆ ತಡವಾಯಿತಾ ಅಂದರೆ, ಹೌದು, ಬಹಳ ಮಟ್ಟಿಗೆ. ಹುಟ್ಟು ಕಿವುಡ ಮಕ್ಕಳಲ್ಲಿ ಕೇಳುವ ದಾರಿ ಮೆದುಳಿನಲ್ಲಿ ಮಾಮೂಲಿಯಾಗಿ ಬೆಳೆಯಲು ಸುಮಾರು ಮೂರೂವರೆ ವರ್ಷದೊಳಗೆ ಶಬ್ದ ಸಿಗಬೇಕು. ಏಳು ದಾಟಿದ ಮೇಲೆ ಹಾಕಿಸಿದವರಲ್ಲಿ ಆ ಬೆಳವಣಿಗೆ ಸರಿಯಾಗಿ ಕಾಣುವುದಿಲ್ಲ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯೂ ಹುಟ್ಟು ಕಿವುಡರಲ್ಲಿ 5 ವರ್ಷದೊಳಗಿನವರಿಗೆ ನೆರವು ಕೊಡುವುದು ಇದಕ್ಕೇ. 8ರಲ್ಲಿ ಹಾಕಿಸಿದರೆ ಬಾಗಿಲು ತಟ್ಟಿದ್ದು, ಹಾರ್ನ್, ಯಾರೋ ಕರೆದದ್ದು ಗೊತ್ತಾಗಬಹುದು. ಅದೂ ಸಣ್ಣ ವಿಷಯ ಅಲ್ಲ. ಆದರೆ ಮಾತಿನ ಹೊಳೆ ಹರಿಯುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆಪರೇಷನ್ ಆದ ಕಿವಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಕೇಳುವಿಕೆ ಹೋಗಬಹುದು. ಮೆದುಳು ಪೊರೆಯ ಸೋಂಕಿನ ಅಪಾಯ ಸ್ವಲ್ಪ ಏರುತ್ತದೆ, ಅದಕ್ಕೆ ಮೊದಲೇ ಲಸಿಕೆ ಬೇಕು. ಹೊರಗಿನ ಯಂತ್ರ, ವೈರು, ಬ್ಯಾಟರಿ ಖರ್ಚು ಜೀವನಪೂರ್ತಿ. ಆಮೇಲಿನ ತರಬೇತಿಗೆ ವರ್ಷಗಟ್ಟಲೆ ಓಡಾಟ. ಸಾಲ ಮಾಡಿ ಹಾಕಿಸುವ ಮೊದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇನ್ನೊಂದು ಅಭಿಪ್ರಾಯ ತೆಗೆದುಕೊಳ್ಳಿ. ಹತ್ತಿರದಲ್ಲೇ ಇಂಥ ಸಂಸ್ಥೆ ಇರುವುದು ಕೊಡಗಿನವರ ಪುಣ್ಯ.

ಮೆಷಿನ್ ಬಿಡಿಸಬೇಡಿ. ಹಾರ್ನ್, ನಾಯಿ ಬೊಗಳುವುದು ಸಿಕ್ಕಷ್ಟು ಸಿಗಲಿ. ಮಳೆಗಾಲದಲ್ಲಿ ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿಗೆ ಬರುವ ಮೆಷಿನ್‌ಗಳಲ್ಲಿ ಕೆಟ್ಟವು ಎಷ್ಟೋ, ತೇವ ಕೂತವು ಎಷ್ಟೋ. ತುಟಿ ಓದಿಯೇ ಕಲಿಯಲಿ ಅನ್ನುವುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ‘ಪಾತ್ರೆ’, ‘ಮಾತ್ರೆ’ ಅಂದು ನೋಡಿ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ.

ಹಾಗಾದರೆ ಸನ್ನೆ ಎಲ್ಲಿ ಕಲಿಯಬೇಕು? ವಾರಕ್ಕೆರಡು ದಿನ ಸಾಲದು. ಒಂದು ದಾರಿ, ಮೈಸೂರಿನ ಕಡೆಯ ಕಿವುಡ ಮಕ್ಕಳ ವಸತಿ ಶಾಲೆ. ಅಲ್ಲಿ ದಿನವಿಡೀ ಸನ್ನೆಯಲ್ಲಿ ಮಾತಾಡುವ ಗೆಳೆಯರು ಸಿಗುತ್ತಾರೆ, ಭಾಷೆ ನೀರಿನ ಹಾಗೆ ಬರುತ್ತದೆ. ಆದರೆ 8 ವರ್ಷದವನು ಮನೆ ಬಿಡಬೇಕು. ರಜೆಗೆ ಬಂದಾಗ ಮನೆಯಲ್ಲಿ ಯಾರಿಗೂ ಅವನ ಭಾಷೆ ಬಾರದಿದ್ದರೆ ಅವನು ನೆಂಟನಾಗುತ್ತಾನೆ. ಇಂಥ ಮನೆಗಳನ್ನು ನೋಡಿದ್ದೇನೆ, ಊಟದ ಹೊತ್ತಿಗೆ ಹುಡುಗ ತಟ್ಟೆ ನೋಡುತ್ತಾ ಕೂತಿರುತ್ತಾನೆ. ಎಲ್ಲ ಶಾಲೆಗಳಲ್ಲೂ ಶಿಕ್ಷಕರಿಗೆ ಸನ್ನೆ ಚೆನ್ನಾಗಿ ಬರುತ್ತದೆ ಅಂತಲೂ ಇಲ್ಲ. ಹೋಗಿ ಒಂದು ಪಾಠ ನೋಡಿ ಬನ್ನಿ. ಹಾಸ್ಟೆಲ್ ಯಾರು ನೋಡಿಕೊಳ್ಳುತ್ತಾರೆ, ರಾತ್ರಿ ಯಾರಿರುತ್ತಾರೆ ಅಂತಲೂ ಕೇಳಿ.

ಇನ್ನೊಂದು ದಾರಿ, ಈಗಿರುವ ಶಾಲೆಯಲ್ಲೇ ಇಟ್ಟು ಮನೆಯವರೆಲ್ಲ ಕಲಿಯುವುದು. 2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರ ಹೊತ್ತಿಗೆ 10,000 ಪದಗಳ ನಿಘಂಟು ಮಾಡಿದೆ. ವಿಡಿಯೊಗಳನ್ನು ಮೊಬೈಲಿನಲ್ಲೇ ನೋಡಬಹುದು. ಆದರೆ ನಿಘಂಟು ನೋಡಿ ಪದ ಬರುತ್ತದೆ, ಮಾತು ಬರುವುದಿಲ್ಲ. ವಾರಕ್ಕೊಮ್ಮೆಯಾದರೂ ಸನ್ನೆಯಲ್ಲೇ ಬದುಕುವ ದೊಡ್ಡವರೊಬ್ಬರ ಜೊತೆ ಅವನು ಕೂರಬೇಕು. ನಿಮ್ಮ ತಾಲ್ಲೂಕಿನಲ್ಲೇ ಯಾರಾದರೂ ಇರುತ್ತಾರೆ, ಟೈಲರ್ ಆಗಿಯೋ ಮರಗೆಲಸ ಮಾಡಿಕೊಂಡೋ. ಟೀಚರನ್ನು ಕೇಳಿ. ಅವರಿಗೆ ಗೌರವದ ಸಂಬಳ ಕೊಟ್ಟು ಕರೆಸಿ. ನನ್ನನ್ನು ಕೇಳಿದರೆ, ಒಂದು ವರ್ಷ ಈ ಎರಡನೇ ದಾರಿ ಹಿಡಿಯಿರಿ, ಬೇಸಿಗೆ ರಜೆಯಲ್ಲಿ ಅವನನ್ನು ಇತರ ಕಿವುಡ ಮಕ್ಕಳ ಜೊತೆ ಬಿಡಿ. ವರ್ಷದ ಕೊನೆಗೆ ಅವನು ನಡೆದ ಘಟನೆಯನ್ನು ಸನ್ನೆಯಲ್ಲಿ ಕತೆಯಾಗಿ ಹೇಳಲು ಬಾರದಿದ್ದರೆ ವಸತಿ ಶಾಲೆಯ ಬಗ್ಗೆ ಗಟ್ಟಿಯಾಗಿ ಯೋಚಿಸಿ. ಮನೆಯವರೂ ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ದೊಡ್ಡವರು ನಾಚಿಕೊಂಡರೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ವಿಷಯ ಹೇಳಿ. ಅಲ್ಲಿ ಕಿವುಡರು ಹೆಚ್ಚಾಗಿದ್ದು, ಊರಿನದೇ ಒಂದು ಸನ್ನೆ ಭಾಷೆ ಬೆಳೆದಿದೆ. ಕಿವಿ ಕೇಳುವವರೂ ಅದನ್ನು ಬಳಸುತ್ತಾರೆ.

ಇನ್ನೆರಡು ಸಣ್ಣ ವಿಷಯ, ಆದರೆ ಬಿಡಬೇಡಿ. ಮಳೆಗಾಲದಲ್ಲಿ ಕರೆಂಟು ಹೋದಾಗ ನಿಮ್ಮ ಮಗನಿಗೆ ಮಾತೂ ಹೋಗುತ್ತದೆ. ಕತ್ತಲೆಯಲ್ಲಿ ಸನ್ನೆ ಕಾಣುವುದಿಲ್ಲ. ಒಂದು ಚಾರ್ಜಿಂಗ್ ದೀಪ ಊಟದ ಜಾಗದಲ್ಲಿ, ಇನ್ನೊಂದು ಅವನು ಮಲಗುವಲ್ಲಿ ಇಡಿ. ಬೆಳಕು ನಿಮ್ಮ ಮುಖ ಮತ್ತು ಕೈ ಮೇಲೆ ಬೀಳಲಿ, ಅವನ ಕಣ್ಣಿಗೆ ಅಲ್ಲ.

ಎರಡನೆಯದು ಕಣ್ಣಿನ ಪರೀಕ್ಷೆ. ಇಷ್ಟೆಲ್ಲ ಕಣ್ಣನ್ನೇ ನಂಬಿರುವ ಮಗುವಿನ ಕಣ್ಣನ್ನು ನಾವು ನೋಡುವುದೇ ಇಲ್ಲ. ಅಶರ್ ಸಿಂಡ್ರೋಮ್ ಅಂತ ಒಂದು ಇದೆ. ವಂಶವಾಹಿಯಿಂದ ಬರುತ್ತದೆ, ಅಪರೂಪ. ಹುಟ್ಟು ಕಿವುಡುತನದ ಜೊತೆ, ಹತ್ತು ವರ್ಷದ ಆಸುಪಾಸಿನಲ್ಲಿ ಮೊದಲು ಇರುಳುಗಣ್ಣು ಶುರುವಾಗಿ, ನಿಧಾನವಾಗಿ ಕಣ್ಣಂಚಿನ ನೋಟ ಕುಗ್ಗುತ್ತದೆ. ಅಂಥ ಮಕ್ಕಳು ನಡೆಯುವುದನ್ನೂ ತಡವಾಗಿ ಕಲಿತಿರುತ್ತಾರೆ, ಕಿವಿಯೊಳಗಿನ ಸಮತೋಲನದ ಭಾಗವೂ ಕೆಟ್ಟಿರುವುದರಿಂದ. ನಿಮ್ಮ ಮಗ ಒಂದೂವರೆ ವರ್ಷ ದಾಟಿದ ಮೇಲೆ ನಡೆದನೇ? ಮುಸ್ಸಂಜೆ ಹೊತ್ತು ಎಡವುತ್ತಾನೆಯೇ? ಮೆಟ್ಟಿಲಲ್ಲಿ ಗೋಡೆ ಹಿಡಿಯುತ್ತಾನೆಯೇ? ಹಾಗಿದ್ದರೆ ಕಾಯಬೇಡಿ. ಇಲ್ಲದಿದ್ದರೂ ಅಕ್ಷಿಪಟಲ ನೋಡುವ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ, ಮಗುವಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ ಅಂತ ಮೊದಲೇ ಹೇಳಿ. ಆ ವರದಿ, ಹಳೇ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ಹಾಳೆ) ಎರಡನ್ನೂ ಇಟ್ಟುಕೊಂಡಿರಿ. ಮೈಸೂರಿಗೆ ಬರುವಾಗ ಟೀಚರನ್ನೂ ಕರೆತನ್ನಿ. ಅವನಿಗೆ ಯಾವ ಸನ್ನೆ ಬರುತ್ತದೆ ಅಂತ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.